ರಜೆ ಮುಗಿದರೂ ಬೆಳಗದ ಟಾರ್ಚ್‌ಗಳು: ಮಲ್ಪೆಯ ಒಂದು ಬೋಟಿನ ಲಿಥಿಯಂ ಸೆಲ್‌ಗಳ ಪ್ರಕರಣ ಅಧ್ಯಯನ

ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಮೀನುಗಾರಿಕೆ ನಿಷೇಧವಿರುತ್ತದೆ. ಈ ಅವಧಿಯಲ್ಲಿ ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ಬಲೆ ಹೆಣೆಯುವ ಕೆಲಸ, ಎಂಜಿನ್ ಬಿಚ್ಚುವ ಕೆಲಸ, ಬಣ್ಣ ಬಳಿಯುವ ಕೆಲಸ ಎಲ್ಲವೂ ನಡೆಯುತ್ತವೆ. ಕೈಟಾರ್ಚ್‌ಗಳನ್ನು ಮಾತ್ರ ಒಂದು ತಗಡಿನ ಡಬ್ಬಕ್ಕೆ ತುಂಬಿಸಿ ಮಾಲೀಕರ ಮನೆಯ ಅಟ್ಟದಲ್ಲೋ ಬಲೆ ಇಡುವ ಶೆಡ್ಡಿನಲ್ಲೋ ಇಟ್ಟುಬಿಡುತ್ತಾರೆ. ಆಳಸಮುದ್ರಕ್ಕೆ ಹೋಗುವ ಒಂದು ಬೋಟಿನ ಇಂತಹ ಡಬ್ಬವೊಂದು ಆಗಸ್ಟ್ ಮೊದಲ ವಾರದಲ್ಲಿ ನಮ್ಮ ದುರಸ್ತಿ ಮೇಜಿಗೆ ಬಂತು. ಅದರಲ್ಲಿ ಎಂಟು ಟಾರ್ಚ್‌ಗಳಿದ್ದವು. ಕೆಲವು ಉರಿಯುತ್ತಿದ್ದವು, ಕೆಲವು ಉರಿಯುತ್ತಿರಲಿಲ್ಲ. ಬೋಟು ನಡೆಸುವ ತಾಂಡೇಲರ ದೂರು ಸ್ಪಷ್ಟವಾಗಿತ್ತು: "ದುಡ್ಡು ಕೊಟ್ಟು ತಂದ ಒಳ್ಳೇ ಟಾರ್ಚೇ ಸತ್ತದ್ದು. ಸಂತೆಯಲ್ಲಿ ತಂದದ್ದು ಈಗಲೂ ಉರೀತದೆ. ಇದು ಯಾವ ನ್ಯಾಯ ಮಾರಾಯ್ರೆ?"

ಪ್ರಶ್ನೆ ಸರಿಯಾಗಿಯೇ ಇತ್ತು. ಸತ್ತ ಟಾರ್ಚ್‌ಗಳ ಪೆಟ್ಟಿಗೆಯ ಮೇಲೆ ಕಡಿಮೆ ವೋಲ್ಟೇಜ್ ರಕ್ಷಣೆ, ಅಂದರೆ ಸೆಲ್ ತೀರಾ ಖಾಲಿಯಾಗುವ ಮೊದಲೇ ಬೆಳಕು ಆರಿಸುವ ಏರ್ಪಾಡು, ಇದೆ ಎಂದು ಮುದ್ರಿಸಿದ್ದರು. ಬದುಕುಳಿದವುಗಳಲ್ಲಿ ಅಂತಹ ಯಾವ ರಕ್ಷಣೆಯೂ ಇರಲಿಲ್ಲ. ರಕ್ಷಣೆ ಇದ್ದ ಕಡೆಯೇ ಸೆಲ್ ಹೇಗೆ ಸತ್ತಿತು ಎಂಬುದನ್ನು ಬಿಡಿಸಿಕೊಳ್ಳುವುದಕ್ಕಾಗಿ ಎಂಟನ್ನೂ ಬಿಚ್ಚಿ, ಸೆಲ್‌ಗಳನ್ನು ಅಳೆದು, ಕರೆಂಟ್ ನಿಯಂತ್ರಿಸುವ ಬೋರ್ಡುಗಳಾದ ಡ್ರೈವರ್‌ಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿದೆವು. ಇವು ಬೋಟಿನ ಮೇಲೆ ಕೆಲಸಕ್ಕೆ ಬಳಸುವ ಟಾರ್ಚ್‌ಗಳೇ ಹೊರತು ಬೆಳಕಿನಿಂದ ಮೀನನ್ನು ಸೆಳೆದು ಹಿಡಿಯುವ ಬೆಳಕು ಮೀನುಗಾರಿಕೆಯ ದೀಪಗಳಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಆ ಪದ್ಧತಿಯನ್ನು ಕೇಂದ್ರ ಸರಕಾರ 2017ರಲ್ಲೇ ನಿಷೇಧಿಸಿದೆ.

ಡಬ್ಬದಲ್ಲಿ ಇದ್ದದ್ದು

ಎಂಟು ಟಾರ್ಚ್‌ಗಳು ಮೂರು ಬಗೆಯವು. ನಾಲ್ಕು ಸಾದಾ ಜೂಮ್ ಟಾರ್ಚ್‌ಗಳು: ಪ್ರತಿಯೊಂದರಲ್ಲೂ ಒಂದು 18650 ಸೆಲ್, ಹಿಂಬದಿಯಲ್ಲಿ ಟಕ್ ಎಂದು ಒತ್ತುವ ಸ್ವಿಚ್, ಬದಿಯಲ್ಲಿ ಯುಎಸ್‌ಬಿ ಚಾರ್ಜಿಂಗ್ ತೂತು. ಸೆಲ್ ಮೇಲೆ 9900 ಮಿಲಿಆಂಪಿಯರ್ ಗಂಟೆ ಎಂದು ಬರೆದಿತ್ತು. 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದದ ಈ ಗಾತ್ರದಲ್ಲಿ ಒಳ್ಳೆಯ ಕಂಪೆನಿಗಳು ಕೊಡುವುದೇ ಹೆಚ್ಚೆಂದರೆ 3500ರ ಆಸುಪಾಸು ಆದ್ದರಿಂದ ಆ ಬರಹವನ್ನು ಅಲಂಕಾರವೆಂದೇ ತಿಳಿಯಬೇಕು. ಎರಡನೆಯ ಬಗೆಯವು ಎರಡು: ದಪ್ಪನೆಯ 21700 ಸೆಲ್, ಕುತ್ತಿಗೆಯ ಬಳಿ ಎಲೆಕ್ಟ್ರಾನಿಕ್ ಸ್ವಿಚ್, ಕತ್ತಲೆಯಲ್ಲಿ ಟಾರ್ಚ್ ಎಲ್ಲಿದೆ ಎಂದು ತೋರಿಸಲು ಸ್ವಿಚ್ಚಿನೊಳಗೆ ಸದಾ ಮಿನುಗುವ ಸಣ್ಣ ದೀಪ. ತಾಂಡೇಲರು "ಒಳ್ಳೇ ಟಾರ್ಚ್" ಎಂದದ್ದು ಇವನ್ನೇ. ಮೂರನೆಯವೂ ಎರಡು: ಎರಡು 18650 ಸೆಲ್‌ಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಹಾಕುವ ಉದ್ದನೆಯ ಟಾರ್ಚ್‌ಗಳು, ದೂರಕ್ಕೆ ಬೆಳಕು ಬೀರಲು.

ಮಲ್ಟಿಮೀಟರ್ ಹಿಡಿದಾಗ ಕಂಡದ್ದು ಹೀಗಿದೆ. ಜೂಮ್ ಟಾರ್ಚ್‌ಗಳ ಪೈಕಿ ಮೂರರ ಸೆಲ್‌ಗಳು 3.0ರಿಂದ 3.3 ವೋಲ್ಟ್ ನಡುವೆ ಇದ್ದವು. ನಾಲ್ಕನೆಯದರ ಸ್ವಿಚ್ ಒತ್ತಿದ ಸ್ಥಿತಿಯಲ್ಲೇ ಡಬ್ಬಕ್ಕೆ ಹೋಗಿತ್ತು, ಅದರ ಸೆಲ್ 2.3 ವೋಲ್ಟ್ ತೋರಿಸಿತು. ಒಳ್ಳೆಯ ಟಾರ್ಚ್‌ಗಳೆರಡರಲ್ಲಿ ಒಂದರ ಸೆಲ್ 1.4 ವೋಲ್ಟ್‌ಗೆ ಇಳಿದಿತ್ತು. ಇನ್ನೊಂದನ್ನು ಮಾಲೀಕರ ಮಗ ನಮ್ಮಲ್ಲಿಗೆ ತರುವ ಮೊದಲೇ ಮೊಬೈಲ್ ಚಾರ್ಜರಿಗೆ ರಾತ್ರಿಯಿಡೀ ಹಾಕಿಟ್ಟಿದ್ದರಿಂದ ಅದು 4.1ರ ಮೇಲಿತ್ತು, ಅದರ ಕತೆ ಮುಂದೆ ಬರುತ್ತದೆ. ಉದ್ದನೆಯ ಟಾರ್ಚ್‌ಗಳಲ್ಲಿ ಒಂದರ ಒಂದು ಸೆಲ್ 3.6 ವೋಲ್ಟ್, ಜೊತೆಯದು ಸೊನ್ನೆ. ಮತ್ತೊಂದು ಟಾರ್ಚ್‌ನಲ್ಲಿ ಒಂದು 3.4, ಇನ್ನೊಂದು 1.7.

ಸೆಲ್ ಎಷ್ಟು ಇಳಿದರೆ ಕೆಡುತ್ತದೆ ಎಂಬುದನ್ನು ಇಲ್ಲಿ ಹೇಳುವುದು ಅಗತ್ಯ. ಸಾಮಾನ್ಯ ಲಿಥಿಯಂ ಅಯಾನ್ ಸೆಲ್ ತುಂಬಿದಾಗ 4.2 ವೋಲ್ಟ್ ಇರುತ್ತದೆ, ಬಹುತೇಕ ತಯಾರಕರು ಬಳಕೆಯ ಕೆಳಮಿತಿಯನ್ನು 2.5 ವೋಲ್ಟ್ ಎಂದು ಹೇಳುತ್ತಾರೆ. 3 ವೋಲ್ಟ್‌ನ ಕೆಳಗೆ ಉಳಿದಿರುವ ಶಕ್ತಿ ಬಹಳ ಸ್ವಲ್ಪ, ಆದ್ದರಿಂದ ಆ ಹಂತದಲ್ಲಿ ಚೂರು ಕರೆಂಟ್ ಹರಿದರೂ ವೋಲ್ಟೇಜ್ ದಡದಡನೆ ಇಳಿಯುತ್ತದೆ. ತೀರಾ ಕುಸಿದಾಗ ಸೆಲ್ಲಿನೊಳಗಿನ ಋಣ ಫಲಕಕ್ಕೆ ಆಧಾರವಾಗಿರುವ ತಾಮ್ರದ ಹಾಳೆ ದ್ರಾವಣದಲ್ಲಿ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಹಳೆಯ ಜಾಗಕ್ಕೆ ಅಚ್ಚುಕಟ್ಟಾಗಿ ಮರಳುವುದಿಲ್ಲ. ಎಲ್ಲೆಂದರಲ್ಲಿ ಹರಳುಗಟ್ಟಿ ಕೂತು, ಎರಡು ಫಲಕಗಳ ನಡುವೆ ಒಳಗೊಳಗೇ ಸಣ್ಣ ಶಾರ್ಟ್ ಉಂಟುಮಾಡಬಹುದು. ಮೂರು ಒಣ ಸೆಲ್‌ಗಳ ಹಳೆಯ ಟಾರ್ಚ್‌ನಲ್ಲಿ ಕೊನೆಯ ಹನಿಯವರೆಗೂ ಉರಿಸಿ ಸೆಲ್ ಎಸೆಯುವ ಅಭ್ಯಾಸ ಕರಾವಳಿಯಲ್ಲಿ ಇನ್ನೂ ಇದೆ, ಲಿಥಿಯಂ ಸೆಲ್ಲಿಗೆ ಆ ಅಭ್ಯಾಸವೇ ಮೃತ್ಯು.

ಡ್ರೈವರ್ ಬದಲಾದರೆ ಸೆಲ್ ಖಾಲಿಯಾಗುವ ರೀತಿಯೂ ಬದಲಾಗುತ್ತದೆ

ಟಾರ್ಚ್‌ನ ತಲೆಯಲ್ಲಿ, ಎಲ್‌ಇಡಿಯ ಹಿಂದೆ ಇರುವ ನಾಣ್ಯದಗಲದ ಸರ್ಕ್ಯೂಟ್ ಬೋರ್ಡನ್ನು ಡ್ರೈವರ್ ಎನ್ನುತ್ತಾರೆ. ಸೆಲ್ಲಿನಿಂದ ಎಲ್‌ಇಡಿಗೆ ಎಷ್ಟು ಕರೆಂಟ್ ಹೋಗಬೇಕೆಂದು ನಿರ್ಧರಿಸುವುದು ಅದರ ಕೆಲಸ. ಸೆಲ್ಲಿನ ಬದಲು ಬೆಂಚ್ ಪವರ್ ಸಪ್ಲೈ ಜೋಡಿಸಿ, ವೋಲ್ಟೇಜನ್ನು 4.2ರಿಂದ ಮೆಲ್ಲಮೆಲ್ಲನೆ ಇಳಿಸುತ್ತ ಹೋದರೆ ಯಾವ ಡ್ರೈವರ್ ಯಾವ ಸ್ವಭಾವದ್ದು ಎಂಬುದು ಬೋರ್ಡಿನ ಚಿಪ್‌ಗಳ ಹೆಸರು ಓದದೆಯೂ ತಿಳಿಯುತ್ತದೆ.

ಜೂಮ್ ಟಾರ್ಚ್‌ನಲ್ಲಿದ್ದದ್ದು ನೇರ ಡ್ರೈವರ್: ಸ್ವಿಚ್ಚಿನಂತೆ ಕರೆಂಟನ್ನು ಬಿಟ್ಟು ತಡೆಯುವ ಒಂದು ಮಾಸ್‌ಫೆಟ್, ಹೆಚ್ಚು–ಕಡಿಮೆ–ಮಿಣುಕು ಎಂದು ಬದಲಿಸುವ ಒಂದು ಚಿಕ್ಕ ಚಿಪ್, ಅಷ್ಟೇ. ಸೆಲ್ಲಿನಲ್ಲಿ ಎಷ್ಟು ವೋಲ್ಟೇಜ್ ಇದೆಯೋ ಅಷ್ಟನ್ನು ಎಲ್‌ಇಡಿಗೆ ತೋರಿಸುತ್ತದೆ. 4.1 ವೋಲ್ಟ್‌ನಲ್ಲಿ 1.3 ಆಂಪಿಯರ್ ಎಳೆಯುತ್ತಿದ್ದ ಅದು 3.6ರಲ್ಲಿ ಅರ್ಧಕ್ಕೆ ಇಳಿಯಿತು, 3 ವೋಲ್ಟ್‌ಗೆ ಬಂದಾಗ 80 ಮಿಲಿಆಂಪಿಯರ್, 2.7ರಲ್ಲಿ ಎಲ್‌ಇಡಿ ಕೆಂಡದ ಹಾಗೆ ಮಂಕಾಗಿ ಕೆಲವೇ ಮಿಲಿಆಂಪಿಯರ್ ಉಳಿಯಿತು. ಇದಕ್ಕೆ ಕಾರಣ ಬಿಳಿ ಎಲ್‌ಇಡಿಯ ಗುಣವೇ. ಅದಕ್ಕೆ ಚೆನ್ನಾಗಿ ಬೆಳಗಲು ಸುಮಾರು 3 ವೋಲ್ಟ್ ಬೇಕು, 2.5ರ ಆಚೀಚೆ ಅದರ ಮೂಲಕ ಕರೆಂಟ್ ಹರಿಯುವುದೇ ಬಹುಮಟ್ಟಿಗೆ ನಿಲ್ಲುತ್ತದೆ. ಹೀಗೆ, ತಯಾರಕರು ರಕ್ಷಣೆಯೆಂದು ಏನನ್ನೂ ಕೊಡದಿದ್ದರೂ ಎಲ್‌ಇಡಿ ತಾನಾಗಿಯೇ ಒಂದು ಒರಟು ತಡೆಯಾಗಿ ನಿಂತಿತು. ಜೊತೆಗೆ, ಬೆಳಕು ಮಂಕಾದ ಟಾರ್ಚನ್ನು ಬೋಟಿನ ಕೆಲಸಗಾರರಾದ ಕಲಾಸಿಗಳು ಮುಂಚೆಯೇ ಆಫ್ ಮಾಡಿ ಬದಿಗಿಟ್ಟಿದ್ದರು, ಹಿಂಬದಿಯ ಸ್ವಿಚ್ ತಂತಿಯನ್ನೇ ಕಡಿಯುವಂತಹದ್ದಾದ್ದರಿಂದ ಆಮೇಲೆ ಏನೂ ಸೋರಲಿಲ್ಲ. ಸ್ವಿಚ್ ಒತ್ತಿದ್ದ ನಾಲ್ಕನೆಯದು ಕೂಡ 2.3ರಲ್ಲೇ ನಿಂತದ್ದು ಇದೇ ಕಾರಣಕ್ಕೆ. ಅದನ್ನು ಅಲ್ಲಿಯವರೆಗೆ ಇಳಿಸಿದ್ದು ಎಲ್‌ಇಡಿಯಲ್ಲ, ಆ ಚಿಕ್ಕ ಚಿಪ್ಪಿನ ಹಸಿವು. ಇದನ್ನು ಅಗ್ಗದ ಟಾರ್ಚ್‌ನ ಹೆಗ್ಗಳಿಕೆ ಎಂದು ಯಾರೂ ಭಾವಿಸಬಾರದು. ಅದೃಷ್ಟ ಬೇರೆ, ವಿನ್ಯಾಸ ಬೇರೆ.

ಇದರ ಹತ್ತಿರದ ನೆಂಟ ಲೀನಿಯರ್ ಡ್ರೈವರ್. ಡಬ್ಬದಲ್ಲಿ ಅಂತಹದ್ದು ಇರಲಿಲ್ಲವಾದರೂ ಮುಂದೆ ಕೊಂಡದ್ದು ಅದನ್ನೇ ಆದ್ದರಿಂದ ಒಂದು ಮಾತು. ಎಎಂಸಿ7135 ಎಂಬ ಪುಟ್ಟ ಚಿಪ್ ಒಂದೊಂದೂ 350 ಮಿಲಿಆಂಪಿಯರ್‌ನಷ್ಟನ್ನು ಮಾತ್ರ ಬಿಟ್ಟುಕೊಡುತ್ತದೆ. ನಾಲ್ಕನ್ನು ಸಮಾಂತರವಾಗಿ ಹಾಕಿದರೆ 1.4 ಆಂಪಿಯರ್. ಸೆಲ್ಲಿನ ವೋಲ್ಟೇಜ್ ಎಲ್‌ಇಡಿಗೆ ಬೇಕಾದ್ದಕ್ಕಿಂತ ಹೆಚ್ಚಿರುವವರೆಗೆ ಬೆಳಕು ಒಂದೇ ಸಮ ಇರುತ್ತದೆ, ಹೆಚ್ಚಾದ ವೋಲ್ಟೇಜ್ ಶಾಖವಾಗಿ ಹೋಗುತ್ತದೆ. ಸೆಲ್ ಇಳಿದ ಮೇಲೆ ನೇರ ಡ್ರೈವರಿನಂತೆಯೇ ಬೆಳಕು ಮೆಲ್ಲಗೆ ಕುಂದುತ್ತದೆ.

ಒಳ್ಳೆಯ ಟಾರ್ಚ್‌ನ ಸ್ವಭಾವ ಇದಕ್ಕೆ ತದ್ವಿರುದ್ಧ. ಅದರ ಎಲ್‌ಇಡಿ 6 ವೋಲ್ಟ್‌ನದು. ಒಂದೇ ಸೆಲ್ ಅಷ್ಟು ವೋಲ್ಟೇಜ್ ಕೊಡಲಾರದು, ಆದ್ದರಿಂದ ಕಾಯಿಲ್ ಬಳಸಿ ವೋಲ್ಟೇಜನ್ನು ಏರಿಸುವ ಬೂಸ್ಟ್ ಡ್ರೈವರ್ ಅದರಲ್ಲಿದೆ. ಎಲ್‌ಇಡಿಗೆ 9 ವಾಟ್ ಬೇಕಾಗಿದ್ದು, ಡ್ರೈವರ್ ನೂರಕ್ಕೆ ತೊಂಬತ್ತರಷ್ಟು ದಕ್ಷವಾಗಿದ್ದರೆ, ಸೆಲ್ಲಿನಿಂದ 10 ವಾಟ್ ಎಳೆಯಬೇಕು. ಸೆಲ್ 4.2 ವೋಲ್ಟ್ ಇದ್ದಾಗ ಅದು 2.4 ಆಂಪಿಯರ್; 3.0ಕ್ಕೆ ಇಳಿದಾಗ 3.3 ಆಂಪಿಯರ್. ಬೆಂಚಿನಲ್ಲಿ ಕಂಡದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ: ನಾನು ವೋಲ್ಟೇಜ್ ಇಳಿಸಿದಷ್ಟೂ ಮೀಟರಿನ ಕರೆಂಟ್ ಏರುತ್ತಿತ್ತು, ಟಾರ್ಚ್‌ನ ಬೆಳಕು ಒಂದಿಷ್ಟೂ ಕದಲಲಿಲ್ಲ. ಸೆಲ್ ಬಡವಾದಷ್ಟೂ ಅದರಿಂದ ಹೆಚ್ಚು ಕಸಿಯುವ ಈ ಗುಣ ಬೂಸ್ಟ್ ಡ್ರೈವರಿಗೆ ಹುಟ್ಟಿನಿಂದಲೇ ಬಂದದ್ದು. ಮಂಕಾಗಿ ಎಚ್ಚರಿಸುವ ಪದ್ಧತಿ ಅದಕ್ಕಿಲ್ಲ. ಎಲ್‌ಇಡಿಯೇ ತಡೆಯಾಗಿ ನಿಲ್ಲುತ್ತದೆ ಎಂಬ ಭರವಸೆಯೂ ಇಲ್ಲ, ಏಕೆಂದರೆ ಡ್ರೈವರ್ ಕೆಲಸ ಮಾಡಬಲ್ಲಷ್ಟು ಕಾಲ ಎಲ್‌ಇಡಿಗೆ 6 ವೋಲ್ಟ್ ಸಿಗುತ್ತಲೇ ಇರುತ್ತದೆ. ಹಾಗಾಗಿ ಬೂಸ್ಟ್ ಟಾರ್ಚ್‌ಗೆ ಕಡಿಮೆ ವೋಲ್ಟೇಜ್ ರಕ್ಷಣೆ ಎಂಬುದು ಹೆಚ್ಚುವರಿ ಸೌಲಭ್ಯವಲ್ಲ, ಅದಿಲ್ಲದ ಬೂಸ್ಟ್ ಟಾರ್ಚನ್ನು ಕೊಳ್ಳಲೇಬಾರದು. ಈ ಟಾರ್ಚ್‌ನಲ್ಲಿ ಅದು ಇತ್ತು. ಬೆಂಚಿನಲ್ಲಿ 3.0 ವೋಲ್ಟ್‌ಗೆ ಬರುತ್ತಿದ್ದಂತೆ ಬೆಳಕು ಒಂದು ಮೆಟ್ಟಿಲು ಕೆಳಗಿಳಿಯಿತು, ಮತ್ತೊಂದು ಮೆಟ್ಟಿಲು ಇಳಿಯಿತು, 2.8ರಲ್ಲಿ ಪೂರ್ತಿ ಆರಿತು. ರಕ್ಷಣೆಯಲ್ಲಿ ಯಾವ ದೋಷವೂ ಇರಲಿಲ್ಲ.

ಆರಿದ ಮೇಲೆ ಹರಿದದ್ದು

ಇಲ್ಲಿಯೇ ಪ್ರಕರಣದ ಗಂಟು ಇದ್ದದ್ದು. ಟಾರ್ಚ್ ಆರಿದ ಮೇಲೆ ಸಪ್ಲೈಯನ್ನು 3.2 ವೋಲ್ಟ್‌ಗೆ ತಂದು, ಮೈಕ್ರೋಆಂಪಿಯರ್ ಅಳೆಯುವ ಮೀಟರನ್ನು ಸರಣಿಯಲ್ಲಿ ಹಾಕಿ ನೋಡಿದಾಗ 0.24 ಮಿಲಿಆಂಪಿಯರ್ ಹರಿಯುತ್ತಲೇ ಇತ್ತು. ಎಲೆಕ್ಟ್ರಾನಿಕ್ ಸ್ವಿಚ್ ತಂತಿಯನ್ನು ಕಡಿಯುವುದಿಲ್ಲ. ಯಾರಾದರೂ ಒತ್ತುತ್ತಾರೆಯೇ ಎಂದು ಒಳಗಿನ ಚಿಪ್ ಸದಾ ಎಚ್ಚರವಾಗಿರಬೇಕು. ಆದರೆ ಚಿಪ್ಪಿನ ಪಾಲು ಇದರಲ್ಲಿ ಅಲ್ಪ. ದೊಡ್ಡ ಪಾಲು ಸ್ವಿಚ್ಚಿನೊಳಗಿನ ಆ ಮಿನುಗು ದೀಪದ್ದು. ಕಡಿಮೆ ವೋಲ್ಟೇಜ್ ರಕ್ಷಣೆ ದೊಡ್ಡ ಎಲ್‌ಇಡಿಯನ್ನು ಆರಿಸಿತೇ ಹೊರತು ಈ ಪುಟ್ಟ ದೀಪವನ್ನು ಮುಟ್ಟಲಿಲ್ಲ.

61 ದಿನಕ್ಕೆ 1464 ಗಂಟೆ. 0.24ರಿಂದ ಗುಣಿಸಿದರೆ ಸುಮಾರು 351 ಮಿಲಿಆಂಪಿಯರ್ ಗಂಟೆ. ತುಂಬಿದ 5000 ಮಿಲಿಆಂಪಿಯರ್ ಗಂಟೆಯ ಸೆಲ್ಲಿಗೆ ಇದು ಲೆಕ್ಕಕ್ಕೇ ಇಲ್ಲ. ಅದೇ ಟಾರ್ಚನ್ನು ತುಂಬಿಸಿ ಅಟ್ಟಕ್ಕೆ ಇಟ್ಟಿದ್ದರೆ ಆಗಸ್ಟಿನಲ್ಲಿ ಅದು ಚೆನ್ನಾಗಿಯೇ ಉರಿಯುತ್ತಿತ್ತು. ಆದರೆ ರಕ್ಷಣೆ ಕಡಿದ ಮೇಲೆ ಸೆಲ್ಲಿನಲ್ಲಿ ಅಷ್ಟು ಉಳಿದಿರುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಬಗೆಯ ರಕ್ಷಣೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಭಾರೀ ಕರೆಂಟಿನಲ್ಲಿ ಒಮ್ಮೆಲೇ ಕಡಿಯುವ ಟಾರ್ಚ್‌ನಲ್ಲಿ ಸೆಲ್ಲಿನ ವೋಲ್ಟೇಜ್ ಹೊರೆಯಿಂದಾಗಿ ಕೆಳಗೆ ಕಂಡಿರುತ್ತದೆ, ಹೊರೆ ತಪ್ಪಿದ ಕೂಡಲೇ 3.3ರ ಸಮೀಪಕ್ಕೆ ಚೇತರಿಸಿಕೊಳ್ಳುತ್ತದೆ, ಸ್ವಲ್ಪ ಉಳಿತಾಯ ಇರುತ್ತದೆ. ಮೆಟ್ಟಿಲಿಳಿಸುವ ಟಾರ್ಚ್ ಕೊನೆಕೊನೆಗೆ ತೀರಾ ಕಡಿಮೆ ಕರೆಂಟಿನಲ್ಲಿ ಉರಿಯುವುದರಿಂದ ಆ ಉಳಿತಾಯವನ್ನೂ ಹಿಂಡಿ ತೆಗೆದಿರುತ್ತದೆ. ಬಳಸುವವನಿಗೆ ಅದು ಉಪಕಾರ. ಆಮೇಲೆ ಎರಡು ತಿಂಗಳು ಡಬ್ಬದಲ್ಲಿ ಬಿದ್ದಿರುವ ಸೆಲ್ಲಿಗೆ ಅಪಕಾರ. ಮಿನುಗು ದೀಪ ಬಹುಶಃ ಜೂನ್ ಮುಗಿಯುವ ಮೊದಲೇ ಸೆಲ್ಲನ್ನು 2.5ರ ಕೆಳಗೆ ಒಯ್ದು ತಾನೂ ಆರಿರಬೇಕು, ಉಳಿದದ್ದನ್ನು ಚಿಪ್ ಹಾಗೂ ವೋಲ್ಟೇಜ್ ಅಳೆಯಲೆಂದು ಸೆಲ್ಲಿಗೆ ನೇರವಾಗಿ ಜೋಡಿಸಿದ್ದ ಎರಡು ರೆಸಿಸ್ಟರ್‌ಗಳು ತಿಂದಿವೆ.

ನಲ್ಲಿ ತಿರುಗಿಸಿದರೂ ತೊಟ್ಟಿಕ್ಕುವ ನೀರಿನಂತೆ ಈ ಸೋರಿಕೆಯನ್ನು ಯಾವ ರಕ್ಷಣೆಯೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಡ್ರೈವರಿನೊಳಗಿನ ರಕ್ಷಣೆ ಬಳಕೆಯ ಹೊತ್ತಿನ ಕಾವಲು ಮಾತ್ರ; ದಾಸ್ತಾನಿನ ಕಾಲಕ್ಕೆ ಅದು ಸಂಬಂಧಪಟ್ಟದ್ದಲ್ಲ. ಸೆಲ್ಲಿಗೇ ಅಂಟಿಸಿದ ರಕ್ಷಣಾ ಬೋರ್ಡ್ ಇದ್ದಿದ್ದರೆ ಅದು ಸುಮಾರು 2.4 ವೋಲ್ಟ್‌ನಲ್ಲಿ ಸಂಪರ್ಕವನ್ನೇ ಕಡಿದುಹಾಕುತ್ತಿತ್ತು. ಈ ಎರಡು ಒಳ್ಳೆಯ ಟಾರ್ಚ್‌ಗಳ ಸೆಲ್‌ಗಳಲ್ಲಿ ಆ ಬೋರ್ಡ್ ಇರಲಿಲ್ಲ.

ಮೇ ತಿಂಗಳ ಆ ರಾತ್ರಿ

ಇಷ್ಟು ತಿಳಿದ ಮೇಲೆ, ಟಾರ್ಚ್‌ಗಳನ್ನು ಅಷ್ಟು ಖಾಲಿಯಾಗಿ ಏಕೆ ಇಟ್ಟರು ಎಂದು ಕೇಳಿದೆವು. ತಾಂಡೇಲರು ಹೇಳಿದ ಪ್ರಕಾರ ಋತುವಿನ ಕೊನೆಯ ಟ್ರಿಪ್‌ನಲ್ಲಿ, ದಡಕ್ಕೆ ಮರಳುವ ಹಿಂದಿನ ರಾತ್ರಿ, ಬಲೆ ಬೋಟಿನ ಫ್ಯಾನಿಗೆ, ಅಂದರೆ ನೀರಿನಡಿಯ ಪ್ರೊಪೆಲ್ಲರಿಗೆ, ಸುತ್ತಿಕೊಂಡಿತು. ಒಬ್ಬ ಕಲಾಸಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗಿಳಿದು ಚೂರಿಯಿಂದ ಬಲೆ ಕೊಯ್ಯುತ್ತಿದ್ದಾಗ ಮೇಲಿನಿಂದ ಎಲ್ಲರೂ ಟಾರ್ಚ್ ಹಿಡಿದಿದ್ದರು. ಮೂರು ಬಗೆಯ ಟಾರ್ಚ್‌ಗಳೂ ತಮ್ಮತಮ್ಮ ಗುಣ ತೋರಿಸಿದ್ದು ಆಗ. ಜೂಮ್ ಟಾರ್ಚ್‌ಗಳು ಮೆಲ್ಲಗೆ ಮಂಕಾದವು. ಒಳ್ಳೆಯವು ಪೂರ್ತಿ ಬೆಳಕಿನಿಂದ ಥಟ್ಟನೆ ಕಾಲುಭಾಗಕ್ಕೆ ಇಳಿದವು. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಪೂರ್ತಿ ಬೆಳಕು, ಅರ್ಧ ನಿಮಿಷಕ್ಕೆ ಮತ್ತೆ ಇಳಿತ. ಹೀಗೆ ಒತ್ತಿ ಒತ್ತಿ ಕೆಲಸ ಮುಗಿಸಿದರು. ಉದ್ದನೆಯದೊಂದು ಯಾವ ಸೂಚನೆಯೂ ಇಲ್ಲದೆ ಒಮ್ಮೆಲೇ ಆರಿಹೋಯಿತು.

ಆಫ್ ಮಾಡಿ ಆನ್ ಮಾಡುವಾಗ ಹೆಚ್ಚಿನ ಡ್ರೈವರ್‌ಗಳು ಹಿಂದಿನದನ್ನು ಮರೆತು ಹೊಸದಾಗಿ ಅಳೆಯಲು ತೊಡಗುತ್ತವೆ. ಬಿಡುವಿನಲ್ಲಿ ಸೆಲ್ ಸ್ವಲ್ಪ ಚೇತರಿಸಿಕೊಂಡಿರುವುದರಿಂದ ಪರೀಕ್ಷೆಯಲ್ಲಿ ತೇರ್ಗಡೆಯೂ ಆಗುತ್ತದೆ. ಪ್ರತಿ ಒತ್ತಿಗೂ ಸೆಲ್ ಇನ್ನಷ್ಟು ಕೆಳಗಿಳಿಯುತ್ತದೆ. ನೀರಿನಲ್ಲಿ ಮನುಷ್ಯ ಇರುವಾಗ ಸೆಲ್ಲಿನ ಆಯುಷ್ಯದ ಚಿಂತೆ ಮಾಡಬೇಕಿತ್ತೆಂದು ಯಾರೂ ಹೇಳಲಾರರು, ಅವರು ಮಾಡಿದ್ದೇ ಸರಿ. ದಡಕ್ಕೆ ಬಂದ ಮೇಲೆ ಚಾರ್ಜ್ ಮಾಡದೆ ಡಬ್ಬ ಮುಚ್ಚಿದ್ದು ಮಾತ್ರ ತಪ್ಪಿಸಬಹುದಾಗಿತ್ತು.

ಆ ರಾತ್ರಿ ಅಷ್ಟು ಬೇಗ ಬೆಳಕಿಳಿಯಲು ಇನ್ನೊಂದು ಕಾರಣವೂ ಸಿಕ್ಕಿತು, ಅದು ಈ ಊರಿನ ಉಪ್ಪುಗಾಳಿಯದ್ದು. ಒಂದು ಟಾರ್ಚ್‌ನ ಹಿಂಬದಿಯ ಮುಚ್ಚಳ ತಿರುಚಿದಾಗ ಮರಳು ಸಿಕ್ಕಿದಂತೆ ಕರಕರ ಎಂದಿತು. ಮುಚ್ಚಳದ ತಿರುಪಿನ ಎಳೆಗಳಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿತ್ತು, ಸ್ಪ್ರಿಂಗಿನ ಬುಡದಲ್ಲಿ ಹಸಿರು ಕಿಲುಬು ಕಟ್ಟಿತ್ತು. ಟಾರ್ಚ್‌ನ ಲೋಹದ ಮೈಯೇ ಸೆಲ್ಲಿನ ಋಣ ತುದಿಯಿಂದ ತಲೆಯವರೆಗಿನ ತಂತಿಯಾದ್ದರಿಂದ ಎಳೆಗಳಲ್ಲಿನ ಕಿಲುಬು ಎಂದರೆ ದಾರಿಯಲ್ಲಿನ ಅಡ್ಡಿ. ಈ ಅಡ್ಡಿ 0.1 ಓಮ್ ಇದ್ದರೆ ಸಾಕು, 3 ಆಂಪಿಯರ್ ಹರಿಯುವಾಗ 0.3 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ, ಸೆಲ್ಲಿನಲ್ಲಿ 3.3 ಇದ್ದರೂ ತಲೆಯಲ್ಲಿರುವ ಡ್ರೈವರಿಗೆ 3.0 ಎಂದು ಕಾಣುತ್ತದೆ. ಹಳೆಯ ಸೆಲ್ಲಿನ ಒಳರೋಧ ಹೆಚ್ಚಾದಾಗಲೂ ಹೀಗೆಯೇ. ಎಳೆಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಸ್ಪ್ರಿಂಗಿನ ಬುಡ ಉಜ್ಜಿ, ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿದ ಮೇಲೆ ಹೊಸ ಸೆಲ್ ಹಾಕಿ ನೋಡಿದಾಗ ಅದೇ ಟಾರ್ಚ್ ಪೂರ್ತಿ ಬೆಳಕಿನಲ್ಲಿ ಗಮನಾರ್ಹವಾಗಿ ಹೆಚ್ಚು ಹೊತ್ತು ಉಳಿಯಿತು.

ಸರಣಿಯ ಸೆಲ್‌ಗಳ ತಕರಾರು

ಉದ್ದನೆಯ ಟಾರ್ಚ್‌ಗಳದ್ದು ಬಕ್ ಡ್ರೈವರ್, ಅಂದರೆ ವೋಲ್ಟೇಜನ್ನು ಇಳಿಸಿ ಕೊಡುವಂತಹದ್ದು. ತುಂಬಿದ ಎರಡು ಸೆಲ್ ಸೇರಿ 8.4 ವೋಲ್ಟ್, ಅದನ್ನು 3 ವೋಲ್ಟ್‌ನ ಎಲ್‌ಇಡಿಗೆ ಹೊಂದುವಂತೆ ಇಳಿಸುವಾಗ ಸೆಲ್ಲಿನಿಂದ ಎಳೆಯುವ ಕರೆಂಟ್ ಎಲ್‌ಇಡಿಯ ಕರೆಂಟಿಗಿಂತ ಕಡಿಮೆಯೇ ಇರುತ್ತದೆ, ಬಿಸಿಯೂ ಕಡಿಮೆ. ರಕ್ಷಣೆ 6 ವೋಲ್ಟ್‌ಗೆ ಇಟ್ಟಿದ್ದರು, ಒಂದೊಂದಕ್ಕೆ 3 ಎಂಬ ಲೆಕ್ಕದಲ್ಲಿ. ಆದರೆ ಡ್ರೈವರ್ ನೋಡುವುದು ಮೊತ್ತವನ್ನು. ಆ ಮೊತ್ತದಲ್ಲಿ ಯಾರ ಪಾಲು ಎಷ್ಟು ಎಂಬುದು ಅದಕ್ಕೆ ಕಾಣುವುದಿಲ್ಲ. ಒಂದು ಸೆಲ್ 3.6, ಇನ್ನೊಂದು 2.4 ಇದ್ದರೂ ಮೊತ್ತ 6.

ಒಂದು ಟಾರ್ಚ್‌ನಲ್ಲಿ ಆದದ್ದು ಇದೇ. ಅದರ ಎರಡೂ ಸೆಲ್‌ಗಳು ರಕ್ಷಣಾ ಬೋರ್ಡ್ ಇದ್ದಂತಹವು. ಬಲಹೀನವಾದ ಸೆಲ್ 2.4 ಮುಟ್ಟಿದಾಗ ಡ್ರೈವರಿಗಿಂತ ಮುಂಚೆ ಅದರ ಬೋರ್ಡೇ ಸಂಪರ್ಕ ಕಡಿಯಿತು, ಸರಣಿಯಲ್ಲಿ ಒಂದು ಕಡಿದರೆ ಇಡೀ ಟಾರ್ಚ್ ಕತ್ತಲೆ. ಒಮ್ಮೆಲೇ ಆರಿದ ಟಾರ್ಚ್ ಇದೇ. ಮೀಟರಿನಲ್ಲಿ ಸೊನ್ನೆ ತೋರಿಸಿದ ಸೆಲ್ಲನ್ನು ಮಾಲೀಕರು ಎಸೆಯಲೆಂದು ಬದಿಗಿಟ್ಟಿದ್ದರು. ಬಿಡಿ ಸೆಲ್ ಚಾರ್ಜರಿಗೆ ಹಾಕಿದ ಕ್ಷಣಕ್ಕೆ ಬೋರ್ಡಿನ ಬೀಗ ತೆರೆದು 2.8 ವೋಲ್ಟ್ ಕಾಣಿಸಿತು. ಕಡಿದ ಬೋರ್ಡಿನ ಹೊರಗೆ ಅಳೆದರೆ ಸೊನ್ನೆಯೇ ಕಾಣುತ್ತದೆ, ಒಳಗಿನ ಸೆಲ್ ಜೀವಂತವಾಗಿಯೇ ಇರುತ್ತದೆ. ಡಬ್ಬದ ಇಷ್ಟೂ ಸೆಲ್‌ಗಳಲ್ಲಿ ರಕ್ಷಣೆ ನಿಜವಾಗಿ ಫಲ ಕೊಟ್ಟದ್ದು ಇದೊಂದಕ್ಕೇ, ಅದನ್ನೇ ಸತ್ತಿತೆಂದು ಎಸೆಯಲು ಹೊರಟಿದ್ದರು.

ಇನ್ನೊಂದು ಟಾರ್ಚ್‌ನಲ್ಲಿ ಹಳೆಯ ಜೂಮ್ ಟಾರ್ಚ್‌ನ ಸೆಲ್ಲೊಂದನ್ನು ಹೊಸದರ ಜೊತೆಗೆ ಜೋಡಿಸಿದ್ದರು, ಎರಡಕ್ಕೂ ಬೋರ್ಡ್ ಇಲ್ಲ. ಹಳೆಯದು ಬರಿದಾದ ಮೇಲೂ ಹೊಸದರ ಬಲದಿಂದ ಕರೆಂಟ್ ಅದರ ಮೂಲಕ ಹರಿಯುತ್ತಲೇ ಹೋಯಿತು. ಇಂತಹ ಸ್ಥಿತಿ ಮುಂದುವರಿದರೆ ಬಡ ಸೆಲ್ ಉಲ್ಟಾ ಚಾರ್ಜ್ ಆಗುವುದೂ ಉಂಟು. ಲಿಥಿಯಂ ಟಾರ್ಚ್‌ಗಳು ಕೈಯಲ್ಲೇ ಸಿಡಿಯುವ ಅಪಘಾತಗಳ ಹಿಂದೆ ಸರಣಿಯ ಬೆರಕೆ ಸೆಲ್‌ಗಳು ಇರುವುದಕ್ಕೆ ಇದೇ ಕಾರಣ. ನನ್ನ ಅಭಿಪ್ರಾಯದಲ್ಲಿ ಸೆಲ್‌ಗಳನ್ನು ಜೋಡಿಯಾಗಿ ಗುರುತು ಹಾಕಿ, ಜೋಡಿಯಾಗಿಯೇ ಚಾರ್ಜ್ ಮಾಡುವ ಶಿಸ್ತು ಇಲ್ಲದ ಕಡೆ ಎರಡು ಸೆಲ್ಲಿನ ಟಾರ್ಚ್ ಇರಲೇಬಾರದು. ಹತ್ತು ಕೈಗಳು ಬಳಸುವ ಬೋಟಿನಲ್ಲಿ ಆ ಶಿಸ್ತನ್ನು ನಿರೀಕ್ಷಿಸುವುದು ಕಷ್ಟ.

ಚಾರ್ಜ್ ಆದ ಸೆಲ್ ಮತ್ತು ತೀರ್ಮಾನಗಳು

ಮಾಲೀಕರ ಮಗ ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದ ಸೆಲ್ಲಿಗೆ ಬರೋಣ. ಟಾರ್ಚ್‌ಗಳೊಳಗೆ ಸಾಮಾನ್ಯವಾಗಿ ಇರುವ ಟಿಪಿ4056ನಂತಹ ಚಾರ್ಜಿಂಗ್ ಚಿಪ್‌ಗಳು ಸೆಲ್ 2.9 ವೋಲ್ಟ್‌ಗಿಂತ ಕೆಳಗಿದ್ದರೆ ಪೂರ್ತಿ ಕರೆಂಟ್ ಕೊಡದೆ, ಅದರ ಹತ್ತನೇ ಒಂದು ಭಾಗದಷ್ಟನ್ನು ಮಾತ್ರ ಹರಿಸಿ ಸೆಲ್ಲನ್ನು ಮೆಲ್ಲಗೆ ಎಬ್ಬಿಸುತ್ತವೆ. ಆದರೆ ಎಷ್ಟು ಕೆಳಗಿನಿಂದ ಎಬ್ಬಿಸುತ್ತಿದ್ದೇನೆ, ಅದು ಎಷ್ಟು ದಿನ ಹಾಗೆ ಬಿದ್ದಿತ್ತು ಎಂಬ ವಿಚಾರಣೆ ಅವುಗಳಿಗಿಲ್ಲ. ಕೆಂಪು ದೀಪ ಹೋಗಿ ಹಸಿರು ಬಂದಾಗ ಸೆಲ್ ಸರಿಯಾಯಿತೆಂದೇ ಹುಡುಗ ನಂಬಿದ್ದ. ಆ ಸೆಲ್ಲನ್ನು ಟಾರ್ಚ್‌ನಿಂದ ಹೊರತೆಗೆದು, ಸಿಮೆಂಟ್ ನೆಲದ ಮೇಲೆ, ಸುಡುವ ವಸ್ತುಗಳಿಂದ ದೂರ, ತೆರೆದ ಮಣ್ಣಿನ ಪಾತ್ರೆಯಲ್ಲಿ ಒಂದು ವಾರ ಇಟ್ಟೆವು. 4.16 ವೋಲ್ಟ್ ಇದ್ದದ್ದು ಯಾವ ಹೊರೆಯೂ ಇಲ್ಲದೆ 3.9ಕ್ಕೆ ಇಳಿಯಿತು. ಆರೋಗ್ಯವಂತ ಸೆಲ್ ಒಂದು ತಿಂಗಳಲ್ಲಿ ನೂರಕ್ಕೆ ಒಂದೆರಡು ಭಾಗ ಕಳೆದುಕೊಂಡರೆ ಹೆಚ್ಚು. ಒಳಗೆ ಶಾರ್ಟ್ ಶುರುವಾಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಗುರುತು ಬೇಡ.

ಹೀಗಾಗಿ ಎರಡೂ 21700 ಸೆಲ್‌ಗಳನ್ನೂ, 1.7 ವೋಲ್ಟ್‌ನದನ್ನೂ ಕೈಬಿಟ್ಟೆವು. 2.3 ವೋಲ್ಟ್‌ನದನ್ನು ಕಡಿಮೆ ಕರೆಂಟಿನಲ್ಲಿ, ಕಣ್ಣೆದುರೇ ಚಾರ್ಜ್ ಮಾಡಿ ಅದೇ ರೀತಿ ವಾರ ಕಾದು ನೋಡಿದಾಗ ವೋಲ್ಟೇಜ್ ನಿಂತಲ್ಲೇ ನಿಂತಿತು, ಬಳಕೆಗೆ ಮರಳಿಸಿದೆವು. 2 ವೋಲ್ಟ್‌ಗಿಂತ ಕೆಳಗೆ ವಾರಗಟ್ಟಲೆ ಬಿದ್ದಿದ್ದ ಸೆಲ್ಲನ್ನು ಉಳಿಸಿಕೊಳ್ಳಲು ಹೋಗಬಾರದು ಎಂಬುದು ನಾವು ಪಾಲಿಸುವ ಗೆರೆ. ಕೆಲವರು ಇದನ್ನು ಅತಿ ಎಚ್ಚರಿಕೆ ಎನ್ನಬಹುದು, ಆದರೆ ಡೀಸೆಲ್ ಟ್ಯಾಂಕಿನ ಪಕ್ಕದಲ್ಲಿ ಮಲಗುವವರ ಸಾಮಾನಿಗೆ ಇದೇ ಸರಿ.

ಒಳ್ಳೆಯ ಟಾರ್ಚ್‌ಗಳ ಡ್ರೈವರ್ ಬೋರ್ಡಿನಿಂದ ಮಿನುಗು ದೀಪದ ರೆಸಿಸ್ಟರನ್ನು ಕಿತ್ತ ಮೇಲೆ ಸೋರಿಕೆ 20 ಮೈಕ್ರೋಆಂಪಿಯರಿಗೆ ಇಳಿಯಿತು. 1464 ಗಂಟೆಗೆ ಅದು 29 ಮಿಲಿಆಂಪಿಯರ್ ಗಂಟೆ, ಸಹಿಸಬಹುದಾದ ನಷ್ಟ. ಇಷ್ಟಾಗಿಯೂ ರಜೆಯಲ್ಲಿ ಹಿಂಬದಿಯ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ ಇಡುವಂತೆ ಹೇಳಿದೆವು. ಎಳೆಗಳಿಗೆ ಕರೆಂಟ್ ಹರಿಯಗೊಡದ ಅನೋಡೈಸ್ ಲೇಪನ ಇದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ: ಸಡಿಲಿಸಿದ ಮೇಲೆ ಸ್ವಿಚ್ ಒತ್ತಿದರೂ ಟಾರ್ಚ್ ಉರಿಯಬಾರದು, ಉರಿದರೆ ಸೆಲ್ಲನ್ನೇ ಹೊರತೆಗೆದಿಡಬೇಕು. ಹೊರಗಿಡುವಾಗಲೂ ಒಳಗಿಡುವಾಗಲೂ ಸೆಲ್ 3.7ರಿಂದ 3.8 ವೋಲ್ಟ್ ಇರಬೇಕು. ಪೂರ್ತಿ ತುಂಬಿಸಿಟ್ಟರೂ ಮಳೆಗಾಲದ ಎರಡು ತಿಂಗಳಲ್ಲಿ ಸಾಯುವುದಿಲ್ಲ, ತುಸು ಬೇಗ ಮುಪ್ಪಾಗುತ್ತದೆ, ಅಷ್ಟೇ. ಖಾಲಿ ಇಡುವುದಕ್ಕಿಂತ ಅದು ಎಷ್ಟೋ ಮೇಲು.

ಉದ್ದನೆಯ ಟಾರ್ಚ್‌ಗಳ ಬದಲಿಗೆ ಏನು ಕೊಳ್ಳಬೇಕೆಂದು ತಾಂಡೇಲರು ಕೇಳಿದಾಗ ಸೂಚಿಸಿದ್ದು ಒಂದೇ ಸೆಲ್ಲಿನ, ಲೀನಿಯರ್ ಡ್ರೈವರಿನ, ಹಿಂಬದಿಯಲ್ಲಿ ಟಕ್ ಎನ್ನುವ ಸ್ವಿಚ್ಚಿರುವ ಟಾರ್ಚನ್ನು. ಡ್ರೈವರಿನಲ್ಲಿ ಮೆಟ್ಟಿಲಿಳಿಸುವ ರಕ್ಷಣೆ 3.0ರಲ್ಲಿ, ಸೆಲ್ಲಿನ ಮೇಲೆ ಬೋರ್ಡಿನ ರಕ್ಷಣೆ 2.4ರ ಆಸುಪಾಸಿನಲ್ಲಿ. ಈ ಅಂತರ ಮುಖ್ಯ. ನೀರಿನಲ್ಲಿ ಮನುಷ್ಯನಿರುವಾಗ ಬೆಳಕು ಮೊದಲು ಕುಂದಿ ಎಚ್ಚರಿಸಬೇಕೇ ಹೊರತು ಸೆಲ್ಲಿನ ಬೋರ್ಡ್ ಏಕಾಏಕಿ ಕಡಿಯಬಾರದು. ಅದು ಡ್ರೈವರ್ ವಿಫಲವಾದರೆ ಅಥವಾ ಟಾರ್ಚ್ ಮರೆತು ಬಿದ್ದಿದ್ದರೆ ಕೆಲಸಕ್ಕೆ ಬರುವ ಕೊನೆಯ ಬೇಲಿ. ದೂರದ ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ ಎಂಬ ಆಕ್ಷೇಪವನ್ನು ಅವರು ಎತ್ತಿದರು, ಅದು ನಿಜವೂ ಹೌದು. ಆದ್ದರಿಂದ ಉದ್ದನೆಯದೊಂದನ್ನು, ರಕ್ಷಣಾ ಬೋರ್ಡ್ ಇದ್ದ ಸೆಲ್‌ಗಳ ಹೊಸ ಜೋಡಿ ಹಾಕಿ, ಎರಡಕ್ಕೂ ಹಳದಿ ಟೇಪು ಸುತ್ತಿ, ತಾಂಡೇಲರ ಕ್ಯಾಬಿನ್‌ನಲ್ಲಿ ಮಾತ್ರ ಇರುವ ಕರಾರಿನ ಮೇಲೆ ಉಳಿಸಿಕೊಂಡರು.

ಕೈಬಿಟ್ಟ ಮೂರು ಸೆಲ್‌ಗಳ ಎರಡೂ ತುದಿಗೆ ಇನ್ಸುಲೇಷನ್ ಟೇಪು ಅಂಟಿಸಿ ಪ್ಲಾಸ್ಟಿಕ್ ಡಬ್ಬದಲ್ಲಿ ಇಟ್ಟಿದ್ದೇವೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇಂತಹವನ್ನು ಮನೆಯ ಕಸದೊಂದಿಗೆ ಬೆರೆಸದೆ ಸಂಗ್ರಹಣೆಗೆ ಅಥವಾ ಮರುಬಳಕೆಗೆ ಕೊಡಬೇಕು. ಕಿತ್ತ ಎರಡು ರೆಸಿಸ್ಟರ್‌ಗಳನ್ನು ತಾಂಡೇಲರು ಕೇಳಿ ಪಡೆದು, ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು, ಮಾಲೀಕರಿಗೆ ತೋರಿಸಲಿಕ್ಕಂತೆ.